ಹಳೆಯ ಪೆಟ್ರೋಲ್ ಜೀಪಿನ ಇಗ್ನಿಷನ್: ವೈರಿಂಗ್ ಮತ್ತು ಟೈಮಿಂಗ್ ಸರಿಪಡಿಸುವ ಕ್ರಮ

ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಹೊಡೆಯುವ ಕೆಲಸ ಮಳೆಯ ಬಿಡುವನ್ನು ನೋಡಿ ಆಗಬೇಕಾದುದು. ಶೇಕಡ 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲು ಒಮ್ಮೆ, ಅನಂತರ 40-45 ದಿನಗಳಿಗೆ ಇನ್ನೊಮ್ಮೆ ಸಿಂಪಡಿಸಬೇಕೆಂಬುದು ಮಲೆನಾಡಿನ ರೈತರೆಲ್ಲರಿಗೂ ತಿಳಿದ ವಿಷಯ. ಎರಡನೆಯ ಸಿಂಪಡಣೆಯ ಹೊತ್ತಿಗೆ ಆಕಾಶ ಬಿಡುವು ಕೊಡುವುದು ಒಂದು ದಿನವೋ ಒಂದೂವರೆ ದಿನವೋ. ಮೈಲುತುತ್ತ, ಸುಣ್ಣ, ಡ್ರಮ್ಮು, ಪಂಪು, ಮರ ಹತ್ತುವ ಆಳು ಎಲ್ಲವೂ ಸಿದ್ಧವಿದ್ದು, ಅವನ್ನು ಗುಡ್ಡದ ಮೇಲಿನ ತೋಟಕ್ಕೆ ಸಾಗಿಸುವ ಜೀಪು ಮಾತ್ರ ಸ್ಟಾರ್ಟ್ ಆಗದಿದ್ದರೆ ಆ ಬಿಡುವು ಕೈತಪ್ಪುತ್ತದೆ. ರಾತ್ರಿಯ ಹೊತ್ತು ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗಲೂ ಇದೇ ಮಾತು. ಬೇಸಾಯಶಾಸ್ತ್ರದವನೊಬ್ಬ ಜೀಪಿನ ವಿಷಯ ಬರೆಯಲು ಇಷ್ಟು ಕಾರಣ ಸಾಕೆಂದು ತಿಳಿದಿದ್ದೇನೆ.

ನಮ್ಮ ಕಡೆಯ ಹಳೆಯ ಪೆಟ್ರೋಲ್ ಜೀಪುಗಳಲ್ಲಿ ಬಹಳಷ್ಟು ವಿಲ್ಲೀಸ್ ಕಂಪನಿಯು 1953ರಲ್ಲಿ ಹೊರತಂದ ಸಿಜೆ-3ಬಿ ಮಾದರಿಯವು. ಇದನ್ನೇ ಮಹೀಂದ್ರ ಕಂಪನಿಯು ಪರವಾನಗಿ ಪಡೆದು ನಮ್ಮ ದೇಶದಲ್ಲಿ ದಶಕಗಳ ಕಾಲ ತಯಾರಿಸಿತು. ಇದರ ನಾಲ್ಕು ಸಿಲಿಂಡರಿನ 2.2 ಲೀಟರ್ ಎಂಜಿನಿಗೆ 'ಹರಿಕೇನ್' ಎಂದು ಹೆಸರು. ಅದಕ್ಕಿಂತ ಹಿಂದಿನ, ಎರಡನೆಯ ಮಹಾಯುದ್ಧದ ಕಾಲದ ಜೀಪುಗಳಲ್ಲಿದ್ದುದು 'ಗೋ ಡೆವಿಲ್' ಎಂಜಿನ್. ಎರಡೂ ಗಟ್ಟಿಮುಟ್ಟಾದುವು. ಇವುಗಳಲ್ಲಿ ಎಂಜಿನಿಗಿಂತ ಮೊದಲು ಸೋಲುವುದು ಕಿಡಿ ಕೊಡುವ ಭಾಗ, ಅಂದರೆ ಇಗ್ನಿಷನ್. ಹಾಗಿದ್ದೂ ಎಷ್ಟೋ ಮಂದಿ ಎಂಜಿನ್ನೇ ಹೋಯಿತೆಂದು ತಿಳಿದು ಹಳೆಯ ಟ್ರ್ಯಾಕ್ಟರಿನದೋ ಇನ್ನಾವುದೋ ಡೀಸೆಲ್ ಎಂಜಿನನ್ನು ತಂದು ಕೂರಿಸುತ್ತಾರೆ. ಅದು ದೊಡ್ಡ ಖರ್ಚಿನ ಕೆಲಸ. ಮೇಲಾಗಿ ಎಂಜಿನ್ ಬದಲಿಸುವುದಕ್ಕೆ 1988ರ ಮೋಟಾರು ವಾಹನಗಳ ಕಾಯಿದೆಯಂತೆ ಆರ್.ಟಿ.ಓ. ಕಚೇರಿಯ ಅನುಮತಿ ಬೇಕು. ಇಗ್ನಿಷನ್ ಸರಿಪಡಿಸುವುದಕ್ಕೆ ಒಂದು ಮೀಟರು, ಒಂದು ರಿಲೇ, ಕೆಲವು ಗಜ ವೈರು, ಒಂದು ದಿನದ ತಾಳ್ಮೆ ಸಾಕು. ಡೀಸೆಲ್ ಜೀಪು ಇಟ್ಟುಕೊಂಡವರಿಗೆ ಈ ಲೇಖನದ ಅಗತ್ಯವಿಲ್ಲ. ಅದರಲ್ಲಿ ಕಿಡಿಯೇ ಇಲ್ಲ.

ಕಿಡಿ ಹುಟ್ಟುವ ಬಗೆ

ಬ್ಯಾಟರಿಯಿಂದ ಹೊರಟ ವಿದ್ಯುತ್ತು ಆಂಪಿಯರ್ ಮೀಟರಿಗೆ ಬಂದು, ಅಲ್ಲಿಂದ ಕೀ ಸ್ವಿಚ್ಚಿಗೆ, ಅಲ್ಲಿಂದ ಕಾಯಿಲಿಗೆ, ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳಿಗೆ ಹರಿದು ಬಾಡಿಯ ಮೂಲಕ ಬ್ಯಾಟರಿಗೆ ಹಿಂತಿರುಗುತ್ತದೆ. ಪಾಯಿಂಟು ಮುಚ್ಚಿರುವಷ್ಟು ಹೊತ್ತು ಕಾಯಿಲಿನಲ್ಲಿ ಕಾಂತಶಕ್ತಿ ತುಂಬುತ್ತದೆ. ಪಾಯಿಂಟು ತೆರೆದ ಕ್ಷಣದಲ್ಲಿ ಆ ಶಕ್ತಿ ಕುಸಿದು, ಕಾಯಿಲಿನ ಎರಡನೆಯ ಸುತ್ತಿನಲ್ಲಿ ಸಾವಿರಾರು ವೋಲ್ಟಿನ ಹೊಡೆತ ಎದ್ದು, ರೋಟರಿನ ದಾರಿಯಾಗಿ ಸರದಿಯ ಪ್ಲಗ್ಗಿಗೆ ಹೋಗಿ ಕಿಡಿಯಾಗುತ್ತದೆ. ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಆ ಕ್ಷಣದಲ್ಲಿ ಪಾಯಿಂಟಿನ ನಡುವೆ ಕಿಡಿ ಹಾರದಂತೆ ತಡೆಯುತ್ತದೆ. ಕಂಡೆನ್ಸರ್ ಕೆಟ್ಟರೆ ಪ್ಲಗ್ಗಿನಲ್ಲಿ ಹಾರಬೇಕಾದ ಕಿಡಿ ಪಾಯಿಂಟಿನಲ್ಲೇ ಹಾರಿ ಅದನ್ನು ಸುಡುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ನೆನಪಿಡಬೇಕು. ಕಾಯಿಲಿನಲ್ಲಿ ತುಂಬುವ ಶಕ್ತಿಯು ಅದರಲ್ಲಿ ಹರಿಯುವ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಸಾಮಾನ್ಯ 12 ವೋಲ್ಟ್ ಕಾಯಿಲಿನ ಮೊದಲ ಸುತ್ತಿನ ತಡೆ ಸುಮಾರು 3 ಓಮ್. ಪೂರ್ಣ 12 ವೋಲ್ಟ್ ಬಂದರೆ 4 ಆಂಪಿಯರ್ ಹರಿಯುತ್ತದೆ. 8 ವೋಲ್ಟ್ ಮಾತ್ರ ಬಂದರೆ ಹರಿಯುವುದು ಸುಮಾರು 2.7 ಆಂಪಿಯರ್. ವೋಲ್ಟೇಜ್ ಮೂರರಲ್ಲಿ ಒಂದು ಪಾಲು ಕಡಿಮೆಯಾದರೆ ಕಿಡಿಯ ಶಕ್ತಿ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಈ ಅರ್ಧ ಕಿಡಿಯಲ್ಲೇ ಎಂಜಿನ್ ಹೇಗೋ ಹತ್ತಿಕೊಳ್ಳುತ್ತದೆ. ಜುಲೈ ತಿಂಗಳ ಬೆಳಗ್ಗೆ, ತಣ್ಣಗಿರುವ ಎಂಜಿನಿನಲ್ಲಿ, ಒದ್ದೆ ಪ್ಲಗ್ಗಿನ ಮೇಲೆ ಅದು ಸಾಲುವುದಿಲ್ಲ.

ವೋಲ್ಟೇಜ್ ಎಲ್ಲಿ ಸೋರುತ್ತದೆ?

ಸೆಲ್ಫ್ ಮೋಟಾರು ತಿರುಗುವಾಗ ಬ್ಯಾಟರಿಯ ವೋಲ್ಟೇಜ್ 10ರ ಆಸುಪಾಸಿಗೆ ಇಳಿಯುವುದು ಸಹಜ. ಅದು ತಪ್ಪದ ನಷ್ಟ. ತಪ್ಪಿಸಬಹುದಾದ ನಷ್ಟವಿರುವುದು ಬ್ಯಾಟರಿಯಿಂದ ಕಾಯಿಲಿಗೆ ಬರುವ ದಾರಿಯಲ್ಲಿ. ಐವತ್ತು ಅರವತ್ತು ವರ್ಷದ ಜೀಪಿನಲ್ಲಿ ಈ ದಾರಿಯ ಪ್ರತಿಯೊಂದು ಸಂದೂ ಹಸಿರು ಕಿಲುಬು ಹಿಡಿದಿರುತ್ತದೆ. ಕೀ ಸ್ವಿಚ್ಚಿನ ಒಳಗಿನ ತಾಮ್ರ ಸವೆದಿರುತ್ತದೆ. ಡ್ಯಾಷ್‌ಬೋರ್ಡಿನ ಹಿಂದೆ ಯಾರೋ ಎಂದೋ ವೈರುಗಳನ್ನು ಹೊಸೆದು ಟೇಪು ಸುತ್ತಿರುತ್ತಾರೆ. ಆ ಟೇಪಿನ ಒಳಗೆ ಏನಿದೆಯೆಂದು ಬಿಚ್ಚಿದಾಗಲೇ ತಿಳಿಯುವುದು.

ಪರೀಕ್ಷೆ ಸುಲಭ. ಒಂದು ಸಾಧಾರಣ ಡಿಜಿಟಲ್ ಮೀಟರ್ ಸಾಕು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟುಗಳು ಮುಚ್ಚಿರುವ ಸ್ಥಿತಿಗೆ ಎಂಜಿನನ್ನು ತಿರುಗಿಸಿ ಕೀ ಹಾಕಬೇಕು. ಮೀಟರಿನ ಕೆಂಪು ತಂತಿಯನ್ನು ಬ್ಯಾಟರಿಯ ಧನ ತುದಿಗೂ ಕಪ್ಪು ತಂತಿಯನ್ನು ಕಾಯಿಲಿಗೆ ಸ್ವಿಚ್ಚಿನಿಂದ ವೈರು ಬರುವ ತುದಿಗೂ ಇಡಬೇಕು. ಮೀಟರು ತೋರಿಸುವ ಅಂಕಿಯೇ ದಾರಿಯಲ್ಲಿ ಸೋರಿದ ವೋಲ್ಟೇಜ್. ಅರ್ಧ ವೋಲ್ಟಿನವರೆಗೆ ಇದ್ದರೆ ಚಿಂತೆಯಿಲ್ಲ. ಒಂದು, ಒಂದೂವರೆ, ಎರಡು ಎಂದು ತೋರಿಸಿದರೆ ಜೀಪಿನ ರೋಗ ಸಿಕ್ಕಿತೆಂದೇ ತಿಳಿಯಬಹುದು. ಅನಂತರ ಒಂದು ತಂತಿಯನ್ನು ಡಿಸ್ಟ್ರಿಬ್ಯೂಟರಿನ ಮೈಗೂ ಇನ್ನೊಂದನ್ನು ಬ್ಯಾಟರಿಯ ಋಣ ತುದಿಗೂ ಇಡಬೇಕು. ಇಲ್ಲಿ 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ಸರಿಯಿಲ್ಲ. ಎಂಜಿನಿಗೂ ಚಾಸಿಗೂ ನಡುವಿನ ಅರ್ತ್ ಪಟ್ಟಿಯನ್ನು ಬಿಚ್ಚಿ, ಎರಡೂ ಕಡೆ ಲೋಹ ಹೊಳೆಯುವಂತೆ ಉಜ್ಜಿ ಬಿಗಿಯಬೇಕು. ಬಣ್ಣ ಬಳಿದ ಜಾಗದ ಮೇಲೆ ನಟ್ಟು ಬಿಗಿದು ಅರ್ತ್ ಆಯಿತೆಂದು ತಿಳಿಯುವವರು ಬಹಳ ಮಂದಿ.

ಪರೀಕ್ಷೆಯನ್ನು ಒಂದೆರಡು ನಿಮಿಷಗಳಲ್ಲಿ ಮುಗಿಸಿ ಕೀ ತೆಗೆಯಬೇಕು. ಎಂಜಿನ್ ಓಡದೆ ಪಾಯಿಂಟು ಮುಚ್ಚಿದ್ದಾಗ ಕಾಯಿಲು ಸುಮ್ಮನೆ ಕಾಯುತ್ತಿರುತ್ತದೆ.

ಇವೆಲ್ಲ 12 ವೋಲ್ಟಿನ, ಋಣ ತುದಿಯನ್ನು ಅರ್ತ್ ಮಾಡಿದ ಜೀಪಿನ ಮಾತು. ಹಳೆಯ ವಿಲ್ಲೀಸ್ ಜೀಪುಗಳು 6 ವೋಲ್ಟಿನವು. 6 ವೋಲ್ಟಿನಲ್ಲಿ ಅದೇ ಶಕ್ತಿಗೆ ಎರಡರಷ್ಟು ವಿದ್ಯುತ್ತು ಹರಿಯಬೇಕಾದುದರಿಂದ ಕಿಲುಬಿನ ಕಾಟವೂ ಹೆಚ್ಚು. 12 ವೋಲ್ಟಿಗೆ ತಯಾರಾದ ರಿಲೇ, ಕಾಯಿಲು ಅಲ್ಲಿ ಕೆಲಸಕ್ಕೆ ಬಾರವು. ಮೊದಲು ಬ್ಯಾಟರಿಯ ಮೇಲೆ ಏನು ಬರೆದಿದೆ, ಯಾವ ತುದಿ ಬಾಡಿಗೆ ಸೇರಿದೆ ಎಂದು ನೋಡಿಕೊಂಡೇ ಕೆಲಸ ಶುರು ಮಾಡಬೇಕು.

ರಿಲೇ ಅಳವಡಿಸುವುದು

ಹಳೆಯ ವೈರಿಂಗನ್ನು ಪೂರ್ತಿ ಕಿತ್ತು ಹೊಸದು ಹಾಕುವುದು ಉತ್ತಮವೇ. ಅಷ್ಟಕ್ಕೆ ಕೈಯಾಗದವರು ಒಂದು ರಿಲೇ ಹಾಕಿ ಕಾಯಿಲಿಗೆ ನೇರ ದಾರಿ ಮಾಡಿಕೊಡಬಹುದು. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಬಲ್ಲವರಿಗೆ ಇದರ ತತ್ವ ಹೊಸದಲ್ಲ. ಅಲ್ಲಿ ಬೆರಳಿನಿಂದ ಒತ್ತುವ ಗುಂಡಿಯಲ್ಲಿ ಮೋಟಾರಿನ ವಿದ್ಯುತ್ತು ಹರಿಯುವುದಿಲ್ಲ, ಗುಂಡಿಯು ಕಾಯಿಲನ್ನು ಎಳೆಯುತ್ತದೆ, ಕಾಯಿಲು ದೊಡ್ಡ ಸಂಪರ್ಕವನ್ನು ಕೂಡಿಸುತ್ತದೆ. ಹಾಗೆಯೇ ಇಲ್ಲಿ ಸವೆದ ಕೀ ಸ್ವಿಚ್ಚು ರಿಲೇಯನ್ನು ಎಳೆಯುವಷ್ಟು ಅಲ್ಪ ವಿದ್ಯುತ್ತನ್ನು ಮಾತ್ರ ಹೊರುತ್ತದೆ. ಕಾಯಿಲಿನ 4 ಆಂಪಿಯರ್ ಹೊಸ ವೈರಿನಲ್ಲಿ ಬ್ಯಾಟರಿಯಿಂದ ನೇರವಾಗಿ ಬರುತ್ತದೆ.

ಹೆಡ್‌ಲೈಟಿಗೆ ಬಳಸುವ ನಾಲ್ಕು ಕಾಲಿನ 12 ವೋಲ್ಟ್ ರಿಲೇ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಅದರ ಕಾಲುಗಳ ಮೇಲೆ 30, 87, 85, 86 ಎಂದು ಅಂಕಿಗಳಿರುತ್ತವೆ. ಮೊದಲು ಬ್ಯಾಟರಿಯ ಋಣ ತುದಿ ಬಿಚ್ಚಬೇಕು. ಬ್ಯಾಟರಿಯ ಧನ ತುದಿಯಿಂದ 10 ಆಂಪಿಯರಿನ ಫ್ಯೂಸಿನ ಮೂಲಕ ಒಂದು ವೈರನ್ನು 30ಕ್ಕೆ ತರಬೇಕು. ಫ್ಯೂಸು ಬ್ಯಾಟರಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು, ಏಕೆಂದರೆ ಫ್ಯೂಸಿಗಿಂತ ಹಿಂದಿನ ವೈರು ಉಜ್ಜಿ ಬಾಡಿಗೆ ತಾಗಿದರೆ ಅದನ್ನು ಉಳಿಸುವುದು ಯಾವುದೂ ಇಲ್ಲ, ಪೆಟ್ರೋಲ್ ಪೈಪು ಪಕ್ಕದಲ್ಲೇ ಹೋಗಿರುತ್ತದೆ. 87ರಿಂದ ಕಾಯಿಲಿನ ಸ್ವಿಚ್ ತುದಿಗೆ ಹೊಸ ವೈರು. ಈ ಮೊದಲು ಕಾಯಿಲಿಗೆ ಬರುತ್ತಿದ್ದ ಹಳೆಯ ವೈರನ್ನು ಬಿಚ್ಚಿ 86ಕ್ಕೆ ಕೊಡಬೇಕು. 85 ಅರ್ತಿಗೆ. ಇಷ್ಟೇ ಕೆಲಸ. ಒಳಗೆ ಡಯೋಡ್ ಇರುವ ರಿಲೇಯಾದರೆ 85, 86 ಅದಲುಬದಲಾಗಬಾರದು. ಮೇಲಿನ ಚಿತ್ರ ನೋಡಿಕೊಳ್ಳಬೇಕು.

ವೈರು 1.5 ಚದರ ಮಿ.ಮೀ.ಗೆ ಕಡಿಮೆಯಿಲ್ಲದ, ಹಲವು ಎಳೆಗಳ ತಾಮ್ರದ ವಾಹನ ವೈರಾಗಿರಬೇಕು. ಮನೆಗೆ ಬಳಸುವ ಒಂಟಿ ಎಳೆಯ ಗಡುಸು ವೈರು ಜೀಪಿನ ಕುಲುಕಾಟಕ್ಕೆ ಕೆಲವೇ ತಿಂಗಳಲ್ಲಿ ಒಳಗೆ ಮುರಿಯುತ್ತದೆ, ಹೊರಗಿನ ಸಿಪ್ಪೆ ಮಾತ್ರ ನೆಟ್ಟಗಿರುತ್ತದೆ. ಅಂಥ ದೋಷವನ್ನು ಹುಡುಕುವಷ್ಟು ತಲೆನೋವು ಬೇರೆಯಿಲ್ಲ. ವೈರಿನ ತುದಿಗಳಿಗೆ ಸರಿಯಾದ ಟರ್ಮಿನಲ್ ಒತ್ತಿ, ರಿಲೇಯನ್ನು ಕಾಲುಗಳು ಕೆಳಮುಖವಾಗಿರುವಂತೆ ಬಾನೆಟ್ಟಿನ ಒಳಗೆ ಎತ್ತರದ ಜಾಗದಲ್ಲಿ ಕೂರಿಸಬೇಕು. ರಿಲೇಗೆ ಬರುವ ವೈರು ಅದಕ್ಕಿಂತ ಸ್ವಲ್ಪ ಕೆಳಗಿಳಿದು ಮತ್ತೆ ಮೇಲೇರಿದರೆ ಮಳೆನೀರು ವೈರಿನಗುಂಟ ಒಳಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ.

ಒಂದು ಎಚ್ಚರಿಕೆ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿದ, ಚಾರ್ಜಿಂಗಿಗೆ ಕೆಂಪು ದೀಪವಿರುವ ಜೀಪುಗಳಲ್ಲಿ ರಿಲೇ ಹಾಕಿದ ಮೇಲೆ ಕೀ ತೆಗೆದರೂ ಎಂಜಿನ್ ನಿಲ್ಲದಿರುವುದುಂಟು. ಆಲ್ಟರ್ನೇಟರಿನಿಂದ ಆ ದೀಪದ ಮೂಲಕ ಹಿಮ್ಮುಖವಾಗಿ ಬರುವ ಚೂರು ವಿದ್ಯುತ್ತೇ ರಿಲೇಯನ್ನು ಹಿಡಿದಿಡಲು ಸಾಕಾಗುತ್ತದೆ. ದೀಪದ ವೈರಿನಲ್ಲಿ, ಸ್ವಿಚ್ಚಿನಿಂದ ಆಲ್ಟರ್ನೇಟರಿನ ಕಡೆಗೆ ಮಾತ್ರ ಹರಿಯುವಂತೆ ಒಂದು ಆಂಪಿಯರಿನ ಡಯೋಡ್ ಸೇರಿಸಿದರೆ ಇದು ನಿಲ್ಲುತ್ತದೆ.

ಕಾಯಿಲ್ ಬದಲಿಸುವಾಗ

ಅಂಗಡಿಯಲ್ಲಿ ಎರಡು ಬಗೆಯ 12 ವೋಲ್ಟ್ ಕಾಯಿಲುಗಳಿರುತ್ತವೆ. ಒಂದು ನೇರವಾಗಿ 12 ವೋಲ್ಟಿಗೆ ಕೊಡುವಂಥದು. ತಡೆ ಸುಮಾರು 3 ಓಮ್. ಇನ್ನೊಂದು ಹೊರಗೆ ಬ್ಯಾಲಸ್ಟ್ ರೆಸಿಸ್ಟರ್ ಇಟ್ಟು ಬಳಸುವಂಥದು. ತಡೆ ಸುಮಾರು 1.5 ಓಮ್. ಎರಡನೆಯದನ್ನು ರೆಸಿಸ್ಟರ್ ಇಲ್ಲದೆ ಕೊಟ್ಟರೆ 8 ಆಂಪಿಯರ್ ಹರಿದು ಪಾಯಿಂಟು ನೀಲಿಗಟ್ಟಿ ಸುಡುತ್ತದೆ, ಕಾಯಿಲೂ ಕಾದು ಹೋಗುತ್ತದೆ. ಕೊಳ್ಳುವ ಮೊದಲು ಮೀಟರಿನಿಂದ ತಡೆ ಅಳೆದೇ ಕೊಳ್ಳಬೇಕು. ಕಾಯಿಲಿನ ತುದಿಗಳನ್ನೂ ಗಮನಿಸಬೇಕು. ಋಣ ಅರ್ತಿನ ಜೀಪಿನಲ್ಲಿ ಕಾಯಿಲಿನ ಋಣ ತುದಿಯೇ ಡಿಸ್ಟ್ರಿಬ್ಯೂಟರಿಗೆ ಹೋಗಬೇಕು. ತಿರುವುಮುರುವಾದರೂ ಎಂಜಿನ್ ಓಡುತ್ತದೆ, ಆದರೆ ಪ್ಲಗ್ಗಿನಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಇರುವ ಬಲದಲ್ಲಿ ಒಂದು ಪಾಲು ವ್ಯರ್ಥವಾದಂತೆ.

ಪಾಯಿಂಟೋ, ಎಲೆಕ್ಟ್ರಾನಿಕ್ ಕಿಟ್ಟೋ?

ಪಾಯಿಂಟು ಮತ್ತು ಕಂಡೆನ್ಸರ್ ತೆಗೆದು ಅದೇ ಡಿಸ್ಟ್ರಿಬ್ಯೂಟರಿನ ಒಳಗೆ ಕೂರಿಸುವ ಎಲೆಕ್ಟ್ರಾನಿಕ್ ಕಿಟ್ಟುಗಳು ಬಂದಿವೆ. ಶಾಫ್ಟಿನ ಮೇಲೆ ಅಯಸ್ಕಾಂತದ ಉಂಗುರ, ಪಕ್ಕದಲ್ಲಿ ಅದನ್ನು ಗುರುತಿಸುವ ಸಣ್ಣ ಮಾಡ್ಯೂಲ್. ಸವೆಯುವ ಭಾಗವಿಲ್ಲ, ಗ್ಯಾಪ್ ಬದಲಾಗುವುದಿಲ್ಲ, ಒಮ್ಮೆ ಕೂರಿಸಿದ ಟೈಮಿಂಗ್ ಹಾಗೆಯೇ ಉಳಿಯುತ್ತದೆ. ಡಿಸ್ಟ್ರಿಬ್ಯೂಟರಿನ ಶಾಫ್ಟು ಸ್ವಲ್ಪ ಆಡುತ್ತಿದ್ದರೂ ಪಾಯಿಂಟಿನಷ್ಟು ಕೆಡುವುದಿಲ್ಲ. ಇವೆಲ್ಲ ನಿಜ.

ಆದರೆ ಪಾಯಿಂಟು ಕೆಡುವಾಗ ಮುನ್ಸೂಚನೆ ಕೊಟ್ಟು ಕೆಡುತ್ತದೆ, ಒಂದು ಸಣ್ಣ ಅರದಿಂದ ಉಜ್ಜಿದರೆ ಮನೆ ಮುಟ್ಟಿಸುತ್ತದೆ. ಮಾಡ್ಯೂಲು ಕೆಟ್ಟರೆ ಜೀಪು ನಿಂತಲ್ಲೇ ನಿಂತಿತು. ಬ್ಯಾಟರಿಯನ್ನು ಒಮ್ಮೆ ತಿರುವುಮುರುವು ಕೂಡಿಸಿದರೂ, ಎಂಜಿನ್ ಓಡದೆ ಬಹಳ ಹೊತ್ತು ಕೀ ಹಾಕಿಟ್ಟರೂ ಅದು ಸುಟ್ಟುಹೋಗಬಹುದು. ಆಗಾಗ ಆಳುಗಳ ಕೈಗೆ ಜೀಪು ಕೊಡುವ ತೋಟಗಳಲ್ಲಿ ಇದನ್ನು ಯೋಚಿಸಬೇಕು. ನನ್ನ ಅಭಿಪ್ರಾಯ ಇಷ್ಟು: ದಿನವೂ ಓಡುವ, ಪಟ್ಟಣಕ್ಕೆ ಹೋಗಿಬರುವ ಜೀಪಿಗೆ ಕಿಟ್ ಒಳ್ಳೆಯದು, ವಾರಕ್ಕೊಮ್ಮೆ ಗುಡ್ಡ ಹತ್ತುವ ಜೀಪಿಗೆ ಒಳ್ಳೆಯ ಪಾಯಿಂಟು, ಹೊಸ ಕಂಡೆನ್ಸರ್, ರಿಲೇಯ ಪೂರ್ಣ ವೋಲ್ಟೇಜ್ ಇವೇ ಸಾಕು. ಕಿಟ್ ಹಾಕುವವರು ಕಾಯಿಲಿನ ತಡೆ ಎಷ್ಟಿರಬೇಕೆಂದು ಕಿಟ್ಟಿನ ಹಾಳೆಯಲ್ಲಿ ನೋಡಬೇಕು, ಒಳಗೆ ತಡೆಯಿರುವ ಪ್ಲಗ್ ವೈರುಗಳನ್ನೇ ಬಳಸಬೇಕು. ಬರಿಯ ತಾಮ್ರದ ಪ್ಲಗ್ ವೈರಿನಿಂದ ಏಳುವ ತರಂಗಗಳು ಮಾಡ್ಯೂಲನ್ನು ಗಲಿಬಿಲಿಗೊಳಿಸುತ್ತವೆ. ತೆಗೆದ ಪಾಯಿಂಟು, ಕಂಡೆನ್ಸರುಗಳನ್ನು ಎಸೆಯದೆ ಜೀಪಿನಲ್ಲೇ ಇಟ್ಟಿರಬೇಕು.

ಇನ್ನೊಂದು ಮಾತು. ರಿಲೇ, ಹೊಸ ಕಾಯಿಲು, ಕಿಟ್ಟು, ಟೈಮಿಂಗ್ ಎಲ್ಲವನ್ನೂ ಒಂದೇ ದಿನ ಬದಲಿಸಬಾರದು. ಪ್ರಯೋಗದ ತಾಕಿನಲ್ಲಿ ತಳಿ, ಗೊಬ್ಬರ, ಬಿತ್ತನೆಯ ಕಾಲ ಮೂರನ್ನೂ ಒಟ್ಟಿಗೆ ಬದಲಿಸಿದರೆ ಇಳುವರಿ ಏಕೆ ಹೆಚ್ಚಿತು, ಏಕೆ ಕಡಿಮೆಯಾಯಿತು ಎಂದು ಹೇಳುವುದು ಸಾಧ್ಯವಾಗದು. ಇಲ್ಲಿಯೂ ಹಾಗೆಯೇ. ಒಂದನ್ನು ಬದಲಿಸಿ, ಒಂದು ವಾರ ಓಡಿಸಿ, ಅನಂತರ ಮುಂದಿನದು.

ಟೈಮಿಂಗ್ ಎಂದರೇನು?

ಸಿಲಿಂಡರಿನಲ್ಲಿ ಪೆಟ್ರೋಲ್ ಮಿಶ್ರಣ ಹತ್ತಿಕೊಂಡು ಪೂರ್ತಿ ಉರಿಯಲು ಸ್ವಲ್ಪ ಸಮಯ ಬೇಕು. ಆ ಸಮಯ ಅತಿ ಅಲ್ಪ, ಸೆಕೆಂಡಿನ ಸಾವಿರದಲ್ಲಿ ಕೆಲವು ಭಾಗ. ಆದರೆ ನಿಮಿಷಕ್ಕೆ 600 ಸುತ್ತು ತಿರುಗುವ ಎಂಜಿನ್ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 3.6 ಡಿಗ್ರಿ ತಿರುಗುತ್ತದೆ. 3,000 ಸುತ್ತಿನಲ್ಲಿ 18 ಡಿಗ್ರಿ ತಿರುಗಿಬಿಡುತ್ತದೆ. ಆದುದರಿಂದ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು, ವೇಗ ಹೆಚ್ಚಿದಂತೆ ಇನ್ನೂ ಮೊದಲು ಹಾರಬೇಕು. ನಿಂತಲ್ಲಿ ಎಷ್ಟು ಮೊದಲು ಎಂಬುದನ್ನು ನಾವು ಕೂರಿಸುತ್ತೇವೆ. ವೇಗಕ್ಕೆ ತಕ್ಕ ಹೆಚ್ಚಳವನ್ನು ಡಿಸ್ಟ್ರಿಬ್ಯೂಟರಿನ ಒಳಗಿನ ಎರಡು ತೂಕದ ತುಂಡುಗಳೂ ಸ್ಪ್ರಿಂಗುಗಳೂ ತಾವೇ ಮಾಡಿಕೊಳ್ಳುತ್ತವೆ. ಇವು ತುಕ್ಕು ಹಿಡಿದು ಕಚ್ಚಿಕೊಂಡಿರುವುದು ಹಳೆಯ ಜೀಪುಗಳಲ್ಲಿ ಸಾಮಾನ್ಯ. ರೋಟರನ್ನು ಅದು ತಿರುಗುವ ದಿಕ್ಕಿಗೆ ಕೈಯಿಂದ ಸ್ವಲ್ಪ ತಿರುಚಿ ಬಿಟ್ಟರೆ ತಟ್ಟನೆ ಹಿಂದಕ್ಕೆ ಬರಬೇಕು. ಬಾರದಿದ್ದರೆ ಬಿಚ್ಚಿ ಸ್ವಚ್ಛ ಮಾಡಿ ಒಂದು ತೊಟ್ಟು ಎಣ್ಣೆ ಬಿಡದೆ ಟೈಮಿಂಗಿಗೆ ಕೈಹಾಕಿ ಪ್ರಯೋಜನವಿಲ್ಲ.

ಹರಿಕೇನ್, ಗೋ ಡೆವಿಲ್ ಎರಡು ಎಂಜಿನುಗಳಿಗೂ ತಯಾರಕರು ಹೇಳಿದ ಟೈಮಿಂಗ್, ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ 5 ಡಿಗ್ರಿ ಮೊದಲು. ಕಿಡಿಯ ಸರದಿ 1-3-4-2. ಒಂದನೆಯ ಸಿಲಿಂಡರ್ ರೇಡಿಯೇಟರಿನ ಕಡೆಯದು. ಪ್ಲಗ್ಗಿನ ಗ್ಯಾಪ್ 0.030 ಇಂಚು, ಅಂದರೆ ಸುಮಾರು 0.75 ಮಿ.ಮೀ. ಮೂಲ ಆಟೋಲೈಟ್ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ 0.020 ಇಂಚು, ಸುಮಾರು 0.5 ಮಿ.ಮೀ. ಲೂಕಾಸ್ ಮಾದರಿಯ ಡಿಸ್ಟ್ರಿಬ್ಯೂಟರ್ ಇದ್ದರೆ ಗ್ಯಾಪ್ ಕಡಿಮೆ, 0.014ರಿಂದ 0.016 ಇಂಚು. ನಿಮ್ಮ ಜೀಪಿನಲ್ಲಿ ಯಾವುದಿದೆಯೆಂದು ಅದರ ಮೈಮೇಲಿನ ಹೆಸರು ನೋಡಿ ತಿಳಿಯಬೇಕು.

ಗ್ಯಾಪ್ ಮೊದಲು, ಟೈಮಿಂಗ್ ಅನಂತರ. ಈ ಕ್ರಮ ತಪ್ಪಬಾರದು. ಗ್ಯಾಪ್ ದೊಡ್ಡದಾದರೆ ಪಾಯಿಂಟು ಬೇಗ ತೆರೆಯುತ್ತದೆ, ಕಿಡಿ ಮುಂದಾಗುತ್ತದೆ. ಪಾಯಿಂಟಿನ ಕಾಲು ಸವೆದು ಗ್ಯಾಪ್ ಕಿರಿದಾದರೆ ಕಿಡಿ ತಡವಾಗುತ್ತದೆ. ಪಾಯಿಂಟನ್ನು ಸಣ್ಣ ಅರದಿಂದ ಉಜ್ಜಬೇಕೇ ಹೊರತು ಎಮರಿ ಕಾಗದದಿಂದಲ್ಲ. ಅದರ ಹರಳುಗಳು ಲೋಹದಲ್ಲಿ ಕೂತು ಸಂಪರ್ಕ ಕೆಡಿಸುತ್ತವೆ.

ಟೈಮಿಂಗ್ ಕೂರಿಸುವ ಕ್ರಮ

ಕೀ ತೆಗೆದು, ಗೇರು ನ್ಯೂಟ್ರಲ್ಲಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆಯಬೇಕು. ಒಂದನೆಯ ಸಿಲಿಂಡರಿನ ಪ್ಲಗ್ ಬಿಚ್ಚಿ ಅದರ ರಂಧ್ರದ ಮೇಲೆ ಒಬ್ಬರು ಹೆಬ್ಬೆರಳಿಟ್ಟು, ಇನ್ನೊಬ್ಬರು ಹ್ಯಾಂಡಲಿನಿಂದ ಎಂಜಿನನ್ನು ನಿಧಾನವಾಗಿ ತಿರುಗಿಸಬೇಕು. ಗಾಳಿ ಹೆಬ್ಬೆರಳನ್ನು ಜೋರಾಗಿ ನೂಕತೊಡಗಿದಾಗ ಪಿಸ್ಟನ್ ಒತ್ತುವ ಹೊಡೆತದಲ್ಲಿ ಮೇಲೇರುತ್ತಿದೆ ಎಂದರ್ಥ. ಅಲ್ಲಿಂದ ಮುಂದೆ 5 ಡಿಗ್ರಿಯ ಗುರುತು ಮುಳ್ಳಿಗೆ ಸರಿಯಾಗಿ ಬರುವವರೆಗೆ ತಿರುಗಿಸಬೇಕು. ಗುರುತು ದಾಟಿಹೋದರೆ ಇನ್ನೆರಡು ಪೂರ್ಣ ಸುತ್ತು ತಿರುಗಿಸಿ ಮತ್ತೆ ಮುಂದಿನಿಂದಲೇ ಬರಬೇಕು.

ಗುರುತು ಕೆಲವು ಎಂಜಿನುಗಳಲ್ಲಿ ಕ್ರ್ಯಾಂಕ್ ಪುಲ್ಲಿಯಲ್ಲಿ, ಕೆಲವುಗಳಲ್ಲಿ ಫ್ಲೈವೀಲಿನ ಮೇಲೆ ಇರುತ್ತದೆ. ಪುಲ್ಲಿಯಲ್ಲಿ ಮೇಲ್ತುದಿಯ ಗುರುತು ಮಾತ್ರ ಉಳಿದು 5 ಡಿಗ್ರಿಯದು ಅಳಿಸಿಹೋಗಿದ್ದರೆ, ಒಂದು ದಾರವನ್ನು ಪುಲ್ಲಿಯ ಅಂಚಿನ ಸುತ್ತ ಸುತ್ತಿ ಉದ್ದ ಅಳೆದು 72ರಿಂದ ಭಾಗಿಸಬೇಕು. ಸುತ್ತಳತೆ 480 ಮಿ.ಮೀ. ಇದ್ದರೆ 5 ಡಿಗ್ರಿಗೆ 6.7 ಮಿ.ಮೀ. ಪುಲ್ಲಿ ತಿರುಗುವ ದಿಕ್ಕಿನಲ್ಲಿ, ಮೇಲ್ತುದಿಯ ಗುರುತಿಗಿಂತ ಅಷ್ಟು ಮುಂದೆ ಬಿಳಿ ಬಣ್ಣದಿಂದ ಗೀರು ಹಾಕಬೇಕು. ಇದು ಮುಳ್ಳಿನ ಬಳಿಗೆ ಮೊದಲು ಬರುತ್ತದೆ, ಮೇಲ್ತುದಿಯ ಗುರುತು ಆಮೇಲೆ ಬರುತ್ತದೆ.

ಈಗ 12 ವೋಲ್ಟಿನ ಒಂದು ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿ, ಒಂದನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ವೈರು ಬರುವ ತುದಿಗೂ ಇನ್ನೊಂದನ್ನು ಬಾಡಿಗೂ ಹಿಡಿದು ಕೀ ಹಾಕಬೇಕು. ಪಾಯಿಂಟು ಮುಚ್ಚಿದ್ದರೆ ಬಲ್ಬು ಉರಿಯದು, ತೆರೆದ ಕ್ಷಣ ಉರಿಯುತ್ತದೆ. ಡಿಸ್ಟ್ರಿಬ್ಯೂಟರಿನ ಕ್ಲ್ಯಾಂಪ್ ಸಡಿಲಿಸಿ, ಅದರ ಮೈಯನ್ನು ರೋಟರ್ ತಿರುಗುವ ದಿಕ್ಕಿಗೆ ಬಲ್ಬು ಆರುವವರೆಗೆ ತಿರುಗಿಸಿ, ಅನಂತರ ವಿರುದ್ಧ ದಿಕ್ಕಿಗೆ ಕೂದಲೆಳೆಯಷ್ಟಾಗಿ ತಿರುಗಿಸುತ್ತ ಬರಬೇಕು. ಬಲ್ಬು ಹತ್ತಿದ ಜಾಗದಲ್ಲಿ ನಿಲ್ಲಿಸಿ ಕ್ಲ್ಯಾಂಪ್ ಬಿಗಿಯಬೇಕು. ಈಗ ರೋಟರ್ ಮುಚ್ಚಳದ ಯಾವ ಕಂಬಕ್ಕೆ ಮುಖ ಮಾಡಿದೆಯೋ ಅದೇ ಒಂದನೆಯ ಪ್ಲಗ್ಗಿನದು. ಅಲ್ಲಿಂದ ರೋಟರ್ ತಿರುಗುವ ದಿಕ್ಕಿನಲ್ಲಿ 3, 4, 2. ಕಿಟ್ ಹಾಕಿದ ಡಿಸ್ಟ್ರಿಬ್ಯೂಟರಿಗೆ ಬಲ್ಬಿನ ಪರೀಕ್ಷೆ ಬೇಡ. ಅದನ್ನು ಟೈಮಿಂಗ್ ಲೈಟಿನಿಂದಲೇ ನೋಡಬೇಕು.

ನೆನಪಿಡಬೇಕಾದ ನಿಯಮ: ಡಿಸ್ಟ್ರಿಬ್ಯೂಟರಿನ ಮೈಯನ್ನು ರೋಟರಿನ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಕಿಡಿ ಮುಂದಾಗುತ್ತದೆ, ಅದೇ ದಿಕ್ಕಿಗೆ ತಿರುಗಿಸಿದರೆ ತಡವಾಗುತ್ತದೆ. ಡಿಸ್ಟ್ರಿಬ್ಯೂಟರ್ ಎಂಜಿನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅಲ್ಲಿ 1 ಡಿಗ್ರಿ ತಿರುಗಿಸಿದರೆ ಎಂಜಿನಿನಲ್ಲಿ 2 ಡಿಗ್ರಿ ಬದಲಾಗುತ್ತದೆ. ಆದುದರಿಂದಲೇ ಕೈ ಹಗುರವಾಗಿರಬೇಕು.

ಟೈಮಿಂಗ್ ಲೈಟ್ ಇರುವ ಮೆಕ್ಯಾನಿಕ್ ಸಿಕ್ಕರೆ ಎಂಜಿನ್ ಓಡಿಸಿ ಮತ್ತೊಮ್ಮೆ ನೋಡಿಸಬಹುದು. ವ್ಯಾಕ್ಯೂಮ್ ಪೈಪಿದ್ದರೆ ಅದನ್ನು ಬಿಚ್ಚಿ ಬಾಯಿ ಮುಚ್ಚಬೇಕು, ಎಂಜಿನ್ ನಿಧಾನ ವೇಗದಲ್ಲಿರಬೇಕು. ಫ್ಯಾನು ತಿರುಗುತ್ತಿರುವಾಗ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಗ್ಗಬಾರದು.

ಹೆಚ್ಚು ಮುಂದಾದರೆ ಅಪಾಯವೇನು?

ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ತಿರುಗಿಸಿದರೆ ಜೀಪು ಚುರುಕಾಗುತ್ತದೆಂದು ಕಂಡುಕೊಂಡವರು ಇನ್ನೂ ಸ್ವಲ್ಪ ತಿರುಗಿಸುತ್ತಾರೆ. ಅತಿಯಾಗಿ ಮುಂದಾದ ಕಿಡಿ, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಅದನ್ನು ಕೆಳಕ್ಕೆ ಒತ್ತುತ್ತದೆ. ಸೆಲ್ಫಿನಲ್ಲಿ ಸ್ಟಾರ್ಟ್ ಮಾಡುವವರಿಗೆ ಇದು ತಡವರಿಸಿದಂತೆ ಕೇಳಿಸುತ್ತದೆ. ಹ್ಯಾಂಡಲ್ ಹೊಡೆಯುವವರ ಕೈಗೆ ಅದು ಹಿಮ್ಮುಖವಾಗಿ ಬಡಿಯುತ್ತದೆ. ಮಣಿಕಟ್ಟು ಮುರಿಯುವುದು ಹೀಗೆಯೇ. ಬ್ಯಾಟರಿ ಸೋತ ಮಳೆಗಾಲದಲ್ಲಿ ಹ್ಯಾಂಡಲ್ ಹಿಡಿಯುವವರು ಹೆಚ್ಚಾಗಿ ಮನೆಯ ಹುಡುಗರು ಅಥವಾ ಆಳುಗಳು. ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಒಂದೇ ಕಡೆ ಇರಬೇಕು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಮೈಭಾರ ಹಾಕಿ ಒತ್ತಬಾರದು. ಇದನ್ನು ಅವರಿಗೆ ಮೊದಲೇ ಹೇಳಿಕೊಡಬೇಕು. ಹ್ಯಾಂಡಲ್ ಹೊಡೆಯುವ ಅಭ್ಯಾಸವಿರುವ ಜೀಪಿನಲ್ಲಿ 5 ಡಿಗ್ರಿಯನ್ನು ಮೀರಬಾರದೆಂದೇ ನನ್ನ ಸಲಹೆ.

ಏರಿನಲ್ಲಿ ಭಾರ ಹೊತ್ತು ಹೋಗುವಾಗ ಟಣ ಟಣ ಎಂದು ಲೋಹ ಕುಟ್ಟಿದಂತೆ ಕೇಳುವುದೂ ಮುಂದಾದ ಕಿಡಿಯ ಲಕ್ಷಣ. ಇದಕ್ಕೆ ಕಿವಿಗೊಡದೆ ಓಡಿಸಿದರೆ ಪಿಸ್ಟನ್ನಿಗೆ ಹಾನಿ. ಕಿಡಿ ತಡವಾದರೂ ಲಾಭವಿಲ್ಲ. ಎಂಜಿನ್ ಮಂದವಾಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ರೇಡಿಯೇಟರ್ ಕುದಿಯುತ್ತದೆ. ಕುದಿಯುವ ಜೀಪಿಗೆಲ್ಲ ರೇಡಿಯೇಟರ್ ತೊಳೆಸುವ ಮೊದಲು ಟೈಮಿಂಗ್ ನೋಡುವುದು ಒಳ್ಳೆಯದು.

ಈಗಿನ ಪೆಟ್ರೋಲು

ಈ ಎಂಜಿನುಗಳನ್ನು ರೂಪಿಸಿದ ಕಾಲದ ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಕಡಿಮೆ. ಒತ್ತುವ ಪ್ರಮಾಣವನ್ನು ಅದಕ್ಕೆ ತಕ್ಕಂತೆ 7ರ ಒಳಗೇ ಇಟ್ಟಿದ್ದರು. ಈಗಿನ ಪೆಟ್ರೋಲಿನ ಆಕ್ಟೇನ್ 90ನ್ನು ದಾಟಿದೆ. ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದ ಮಡಿಕೇರಿ, ಚಿಕ್ಕಮಗಳೂರಿನಂಥ ಕಡೆ ಗಾಳಿಯೂ ತೆಳುವು. ಎರಡೂ ಕಾರಣದಿಂದ ಸೆಲ್ಫಿನಲ್ಲೇ ಸ್ಟಾರ್ಟ್ ಆಗುವ ಜೀಪಿನಲ್ಲಿ 2 ಡಿಗ್ರಿಯಷ್ಟು ಮುಂದೆ ತರಲು ಅವಕಾಶವಿದೆ. ಮೂರನೆಯ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಬೇಕು. ಕುಟ್ಟುವ ಸದ್ದು ಬಂದರೆ ಹಿಂದಕ್ಕೆ ತರಬೇಕು. ಘಟ್ಟ ಇಳಿದು ಮಂಗಳೂರಿಗೆ ಹೋಗಿ ಭಾರ ತುಂಬಿ ಮತ್ತೆ ಘಟ್ಟ ಹತ್ತುವವರು ತೋಟದಲ್ಲಿ ಸರಿಕಂಡ ಟೈಮಿಂಗನ್ನು ನಂಬಿ ಕೂರಬಾರದು.

ಶೇಕಡ 20ರಷ್ಟು ಎಥೆನಾಲ್ ಬೆರೆಸಿದ ಇ-20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ನಮ್ಮ ಕಬ್ಬು, ಮೆಕ್ಕೆಜೋಳದ ಬೆಳೆಗಾರರಿಗೆ ಇದರಿಂದ ಮಾರುಕಟ್ಟೆ ದೊರೆತಿರುವುದು ನಿಜ. ಹಳೆಯ ಕಾರ್ಬ್ಯುರೇಟರಿಗೆ ಮಾತ್ರ ಇದು ಹೊಸ ಆಹಾರ. ಲೀಟರು ಲೆಕ್ಕದಲ್ಲಿ ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರನೆಯ ಎರಡು ಪಾಲು ಮಾತ್ರ. ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿ, ಬೆಳಗಿನ ಹೊತ್ತು ಹತ್ತಿಕೊಳ್ಳಲು ಹೆಚ್ಚು ಬಲದ ಕಿಡಿ ಬೇಕಾಗುತ್ತದೆ. ಎಥೆನಾಲ್ ನೀರನ್ನು ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದರೆ ನೀರು ತಳದಲ್ಲಿ ಬೇರೆಯಾಗುತ್ತದೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್‌ಗಳನ್ನೂ ಎಥೆನಾಲ್ ತಡೆಯುವಂಥವಕ್ಕೆ ಬದಲಿಸಬೇಕು. ಸೋರುವ ಪೈಪು, ಕಿಡಿ ಹಾರುವ ಹಳೆಯ ಪ್ಲಗ್ ವೈರು ಇವೆರಡೂ ಒಂದೇ ಬಾನೆಟ್ಟಿನ ಕೆಳಗಿರಬಾರದು.

ಮಳೆಗಾಲದ ತಯಾರಿ

ಅಮೆರಿಕದ ಸೈನ್ಯಕ್ಕೆ 1950ರಲ್ಲಿ ತಯಾರಾದ ಎಂ-38 ಜೀಪಿನಲ್ಲಿ ಹೊಳೆ ದಾಟುವಾಗಲೂ ಕೆಡದಂತೆ 24 ವೋಲ್ಟಿನ, ಪೂರ್ತಿ ಮುಚ್ಚಿದ ಇಗ್ನಿಷನ್ ಇಟ್ಟಿದ್ದರು. ನಮ್ಮ ಜೀಪುಗಳಿಗೆ ಆ ಭಾಗ್ಯವಿಲ್ಲ. ಮೇ ತಿಂಗಳಲ್ಲೇ ಮುಚ್ಚಳವನ್ನು ತೆಗೆದು ಒಳಗೆ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆಗಳಿವೆಯೇ ಎಂದು ನೋಡಬೇಕು. ಅದು ಕಿಡಿ ಹರಿದ ಹಾದಿ. ಒರೆಸಿದರೆ ಹೋಗದು, ಮುಚ್ಚಳ ಬದಲಿಸಬೇಕು. ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿದರೆ ಪ್ಲಗ್ ವೈರುಗಳ ಮೇಲೆ ನೀಲಿ ಮಿಣುಕು ಕಾಣುವುದಾದರೆ ವೈರು ಮುಗಿದಿದೆ. ಮುಚ್ಚಳದ ಒಳಗೆ ಬೆವರಿದ್ದರೆ ಒಣಬಟ್ಟೆಯಿಂದ ಒರೆಸಿ, ಒಲೆಯ ಪಕ್ಕ ಸ್ವಲ್ಪ ಹೊತ್ತು ಇಟ್ಟು ಹಾಕಿದರೆ ಸಾಕಾಗುತ್ತದೆ.

ಜೀಪಿನಲ್ಲಿ ಎರಡು ಕಡೆಯೂ ಕ್ಲಿಪ್ ಇರುವ ಎರಡು ಗಜ ಉದ್ದದ ವೈರೊಂದು ಸದಾ ಇರಲಿ. ದಾರಿಯಲ್ಲಿ ಎಂಜಿನ್ ಸತ್ತು ಕಿಡಿ ಬಾರದಿದ್ದರೆ ಅದನ್ನು ಬ್ಯಾಟರಿಯ ಧನ ತುದಿಯಿಂದ ನೇರವಾಗಿ ಕಾಯಿಲಿನ ಸ್ವಿಚ್ ತುದಿಗೆ ಕೊಡಬೇಕು. ಸ್ಟಾರ್ಟ್ ಆದರೆ ದೋಷವಿರುವುದು ಸ್ವಿಚ್ಚಿನಲ್ಲೋ ರಿಲೇಯಲ್ಲೋ ವೈರಿನಲ್ಲೋ. ಹಾಗೆಯೇ ಮನೆಯವರೆಗೆ ಬರಬಹುದು. ಬ್ಯಾಲಸ್ಟ್ ಕಾಯಿಲಾದರೆ ಕೆಲವು ನಿಮಿಷಗಳಿಗಿಂತ ಹೆಚ್ಚು ಓಡಿಸಬಾರದು. ಸ್ಟಾರ್ಟ್ ಆಗದಿದ್ದರೆ ಪಾಯಿಂಟು, ಕಂಡೆನ್ಸರ್ ಇಲ್ಲವೇ ಕಾಯಿಲು. ಆದುದರಿಂದ ಒಂದು ಕಂಡೆನ್ಸರ್, ಒಂದು ರೋಟರ್, ಗ್ಯಾಪ್ ಹೊಂದಿಸಿದ ಒಂದು ಜೊತೆ ಪಾಯಿಂಟು, ಫೀಲರ್ ಗೇಜು, ಸಣ್ಣ ಅರ ಇವನ್ನು ಆ ವೈರಿನ ಜೊತೆಗೇ ಒಂದು ಡಬ್ಬಿಯಲ್ಲಿ ಹಾಕಿ ಸೀಟಿನ ಕೆಳಗೆ ಇಡಬೇಕು. ನೇರ ವೈರಿನಲ್ಲಿ ಓಡುವ ಎಂಜಿನ್ ಕೀ ತೆಗೆದರೆ ನಿಲ್ಲುವುದಿಲ್ಲ. ಮನೆ ಮುಟ್ಟಿದ ಮೇಲೆ ಬ್ಯಾಟರಿಯ ಕಡೆಯ ಕ್ಲಿಪ್ಪನ್ನು ಮೊದಲು ತೆಗೆಯಬೇಕು.